ಸೀಸದ ಅಡಿಯ ಹೆಸರು

ನೀವು ಯಾರೇ ಆಗಿರಿ, ಎಷ್ಟೇ ದೊಡ್ಡವರಾಗಿರಿ, ನಿಮ್ಮ ಹೆಸರು ನನ್ನ ಹೆಸರಿಗಿಂತ ಕೆಳಗಿದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಮಾಡಿಕೊಳ್ಳಬಾರದು. ಚರ್ಚಾಗಿದ್ದು ಆಮೇಲೆ ಮಸೀದಿಯಾದ ನಮ್ಮ ಆಯಾಸೋಫ್ಯಾದ ಗುಮ್ಮಟದ ಮೇಲೆ, ಒಳಗಿನ ಚಕ್ರವರ್ತಿಗಳ ಚಿನ್ನದ ಮುಖಗಳಿಗಿಂತ ಮೇಲೆ, ಸುಲ್ತಾನರು ತೂಗುಹಾಕಿಸಿದ ಬಂಡಿಗಾತ್ರದ ದುಂಡು ಹಲಗೆಗಳಿಗಿಂತ ಮೇಲೆ, ಮೂಲೆಮೂಲೆಗೂ ರೆಕ್ಕೆ ಮಡಚಿ ನಿಂತ ದೇವದೂತರಿಗಿಂತಲೂ ಮೇಲೆ ಕೂತಿರುವ ಹೆಸರು ನನ್ನದು. ಇಲ್ಹಾಮಿ. ಚಕ್ರವರ್ತಿ ತಲೆಯೆತ್ತಿದರೂ ನಾನೇ, ಸುಲ್ತಾನ ತಲೆಯೆತ್ತಿದರೂ ನಾನೇ. ನಂಬಿಕೆ ಬರದಿದ್ದರೆ ಏಣಿ ಹಾಕಿ ಹತ್ತಿ, ಮೂಡಣ ದಿಕ್ಕಿನಲ್ಲಿ ಕಿಟಕಿಗಳ ಮೇಲೆ ಮೂರನೇ ಸಾಲಿನ ಸೀಸದ ಹಾಳೆ ಕಿತ್ತು ಒಳಮೈ ನೋಡಿ. ಪೊಲೀಸರು ಹಿಡಿದರೆ ಮಾತ್ರ ನನ್ನ ಹೆಸರು ಹೇಳಬೇಡಿ, ಅವರೇ ಓದಿಕೊಳ್ಳುತ್ತಾರೆ. ಆ ಜಾಗದಲ್ಲಿ ಇರಬೇಕಾದದ್ದು ಬೇರೆಯವರ ಹೆಸರು, ನನಗೆ ಗುಮ್ಮಟಕ್ಕೆ ಸೀಸ ಹೊದಿಸುವ ಕೆಲಸ ಕಲಿಸಿದ ನಜ್ಮಿ ಉಸ್ತಾದರದು ಅಂತ ಕೆಲವರು ಗೊಣಗಬಹುದು. ಗೊಣಗಲಿ. ಉಸ್ತಾದರು ಸಾಯುವ ಮುಂಚೆ ನನ್ನ ಕೈ ಹಿಡಿದು, ಅತ್ತು, ತಮ್ಮ ಹಕ್ಕನ್ನು ನನಗೆ ಹಲಾಲ್ ಮಾಡಿಕೊಟ್ಟರು. ನಾನೂ ಅತ್ತೆ. ಚಹಾ ತಣ್ಣಗಾಯಿತು. ಸಿನಿಮಾ ಆಗಿದ್ದರೆ ಟಾಕೀಸಿಗೆ ಟಾಕೀಸೇ ಎದ್ದು ನಿಲ್ಲುತ್ತಿತ್ತು. ಈ ಕತೆಯನ್ನು ಸುಲ್ತಾನಹ್ಮೆತ್ ಚೌಕದಲ್ಲಿ ಕಡಿಮೆಯೆಂದರೂ ನಲವತ್ತು ಜನಕ್ಕೆ ಹೇಳಿದ್ದೇನೆ, ಪ್ರತಿ ಸಲವೂ ಕೊನೆಯಲ್ಲಿ ಒಬ್ಬರಾದರೂ ಮೂಗೊರೆಸಿಕೊಂಡಿದ್ದಾರೆ.

ಅವತ್ತು ಗುರುವಾರ, ಲೋದೋಸ್ ಬೀಸುತ್ತಿತ್ತು. ತೆಂಕಣ ಕಡಲಿನಿಂದ ಈ ಬೆಚ್ಚನೆಯ ಗಾಳಿ ಎದ್ದಿತೆಂದರೆ ಊರಿಗೆ ಊರೇ ತಲೆ ಒತ್ತಿಕೊಂಡು ಕೂರುತ್ತದೆ, ಗಂಡಹೆಂಡಿರು ಉಪ್ಪಿನ ಡಬ್ಬಿಗೆ ಜಗಳವಾಡುತ್ತಾರೆ, ಬೋಟುಗಳು ಕಟ್ಟೆಗೆ ಹಗ್ಗ ಬಿಗಿದುಕೊಂಡು ಅಲ್ಲೇ ಮೇಲೆ ಕೆಳಗೆ ಕುಣಿಯುತ್ತವೆ. ನಾನು ಚೌಕದಲ್ಲಿ ನಿಂತಿದ್ದೆ. ನಿಲ್ಲುವುದೇ ಈಗ ನನ್ನ ಕೆಲಸ. ಹೋಗಿ ಬರುವ ಪ್ರವಾಸಿಗರನ್ನು ಮಾತಿನಲ್ಲಿ ಕಟ್ಟಿಹಾಕಿ ಹಿಂದಿನ ಓಣಿಯ ಜಮಖಾನೆ ಅಂಗಡಿಗೆ ತಂದು ಬಿಡಬೇಕು. 'ಚಹಾ ಬಿಟ್ಟಿ, ನೋಡೋದು ಬಿಟ್ಟಿ, ನನ್ನ ಹೃದಯ ಒಂದೇ ದುಬಾರಿ' ಎಂದು ಐದು ಭಾಷೆಗಳಲ್ಲಿ ಹೇಳಬಲ್ಲೆ. ಐದು ಭಾಷೆಗಳಲ್ಲಿ ಬೈಸಿಕೊಂಡೂ ಗೊತ್ತು. ಅವತ್ತು ಯಾರೂ ಬೈಯಲೂ ಇಲ್ಲ. ಗಾಳಿಗೆ ಟೋಪಿ ಹಿಡಿದುಕೊಂಡು ನನ್ನ ಮುಂದೆಯೇ ಹಾದುಹೋಗುತ್ತಿದ್ದರು, ದೀಪದ ಕಂಬದ ಮುಂದೆ ಹಾದುಹೋದ ಹಾಗೆ. ಒಬ್ಬ ಹೆಂಗಸಿಗೆ ನನ್ನ ಅತ್ಯುತ್ತಮ ನಗೆ ತೋರಿಸಿದೆ. ಅವಳು ತಿರುಗಿ ತನ್ನ ಹಿಂದೆ ಯಾರಿದ್ದಾರೆಂದು ನೋಡಿದಳು. ನಾನು ಅಷ್ಟರಲ್ಲಿ ಕಿವಿಯ ಬಳಿ ಕೈಯಿಟ್ಟು ಫೋನಿನಲ್ಲಿ ನಗುತ್ತಿದ್ದವನ ಹಾಗೆ ನಟಿಸಿದೆ, ಕೈಯಲ್ಲಿ ಫೋನೇ ಇರಲಿಲ್ಲ, ಅದು ಜೇಬಿನಲ್ಲಿತ್ತು. ಆಗಲೇ ಅದು ಜೇಬಿನೊಳಗಿಂದ ಹೊಡೆದುಕೊಂಡಿತು.

"ಎಲ್ಲಿದ್ದೀಯೋ ಡೈಲಾಗು?" ಸೆಫೆರ್ ಅಣ್ಣನ ದನಿ. ಮಾತೆತ್ತಿದರೆ ಸಿನಿಮಾ ಡೈಲಾಗು ಬಿಡುವ ನನಗೆ ಅವನಿಟ್ಟ ಅಡ್ಡಹೆಸರು ಅದು. ಗುಮ್ಮಟದ ಮೇಲೆ ನಾವಿಬ್ಬರೂ ಒಂದೇ ಹಗ್ಗಕ್ಕೆ ಸೊಂಟ ಕಟ್ಟಿಕೊಂಡು ಕೆಲಸ ಮಾಡಿದವರು.

"ಶತ್ರುಗಳ ನಡುವೆ, ಅಣ್ಣಾ. ಒಬ್ಬನೇ. ಮೂರೇ ಗುಂಡು ಉಳಿದಿವೆ."

"ಮುಚ್ಚೋ ಬಾಯಿ. ಉಸ್ತಾದ್ರು ಒಬ್ಬೊಬ್ಬರನ್ನೇ ಕರೆಸ್ಕೊಂಡು ಹಕ್ಕು ಹಲಾಲ್ ಮಾಡಿಸ್ಕೊತಿದಾರೆ. ನಾನು ನಿನ್ನೆ ಹೋಗಿದ್ದೆ. ನೀನೊಬ್ಬನೇ ಬಾಕಿ."

"ಅಷ್ಟು... ಹುಷಾರಿಲ್ವಾ?"

"ಡಾಕ್ಟ್ರು ಏನೂ ಹೇಳ್ತಿಲ್ಲ. ಹೇಳೋಕೇನಿದೆ ಅಂತ ಇರಬೇಕು. ಇವತ್ತೇ ಹೋಗು."

"ಲೋದೋಸ್ ಅಣ್ಣಾ. ಆಚೆ ದಡಕ್ಕೆ ಬೋಟಿಲ್ಲ."

"ಸಮುದ್ರದ ಕೆಳಗೆ ರೈಲಿದೆಯಲ್ಲೋ ನಾಚ್ಕೆಗೆಟ್ಟೋನೆ! ಮೇಲಿಂದ ಆಗದಿದ್ರೆ ಕೆಳಗಿಂದ ಹೋಗು."

ಫೋನು ಇಟ್ಟ. ಈ ಹಕ್ಕಿನ ವಿಚಾರ ನಮ್ಮಲ್ಲಿ ತಮಾಷೆಯದಲ್ಲ. ಸಾಯುವವರು, ದೂರ ಹೋಗುವವರು, ಸೈನ್ಯಕ್ಕೆ ಸೇರುವವರು ಬಾಗಿಲಲ್ಲಿ ನಿಂತು ಕೇಳಿಕೊಳ್ಳುತ್ತಾರೆ: ನನ್ನ ಮೇಲೆ ನಿನ್ನ ಹಕ್ಕು ಏನಾದರೂ ಉಳಿದಿದ್ದರೆ ಬಿಟ್ಟುಬಿಡು. ಎದುರಿನವರು 'ಹಲಾಲ್ ಆಗಲಿ' ಅನ್ನಬೇಕು, ಅಂದರೆ ಮುಗಿಯಿತು. ಅನ್ನದೆ ಹೋದರೆ ಮುಗಿಯುವುದಿಲ್ಲ. ತನಗೆ ಮಾಡಿದ ತಪ್ಪನ್ನು ದೇವರು ಮನ್ನಿಸಿಯಾನು, ಇನ್ನೊಬ್ಬ ಮನುಷ್ಯನ ಹಕ್ಕು ತಿಂದದ್ದನ್ನು ಅವನೂ ಮನ್ನಿಸಲಾರ, ಕೊನೆಯ ದಿನ ಆ ಮನುಷ್ಯನನ್ನೇ ಹುಡುಕಿಕೊಂಡು ಹೋಗಿ ಬೇಡಬೇಕು ಎಂದು ನನ್ನಜ್ಜಿ ಹೇಳುತ್ತಿದ್ದಳು. ಅಷ್ಟೊಂದು ಜನರ ಗುಂಪಿನಲ್ಲಿ ನಜ್ಮಿ ಉಸ್ತಾದರನ್ನು ಹೇಗೆ ಹುಡುಕುವುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಕೈ ನಡುಗುವ ಮುದುಕರು ಅಲ್ಲಿ ಒಬ್ಬರೇ ಇರುತ್ತಾರೆಯೇ?

ತಲೆಯೆತ್ತಿದರೆ ಗುಮ್ಮಟ. ಚೌಕದಲ್ಲಿ ನಿಂತವರಿಗೆ ಅದು ಪೂರ್ತಿ ಕಾಣುವುದಿಲ್ಲ. ಗುಮ್ಮಟ ಬೀಳದಿರಲಿ ಎಂದು ಆಮೇಲಿನ ಕಾಲದವರು ಸುತ್ತ ಒರಗಿಸಿದ ದಪ್ಪ ಗೋಡೆಗಳ, ಅರ್ಧ ಗುಮ್ಮಟಗಳ ಹಿಂದೆ ಅದು ಕುತ್ತಿಗೆ ಒಳಗೆಳೆದುಕೊಂಡು ಕೂತಿರುತ್ತದೆ, ಮೈ ತುಂಬ ಕಂಬಳಿ ಹೊದ್ದ ಜ್ವರದ ಮನುಷ್ಯನ ಹಾಗೆ. ಒಳಗೆ ಹೋದವರು ಮಾತ್ರ ಬಾಯಿ ತೆರೆದು ನಿಲ್ಲುತ್ತಾರೆ. ಬುಡದಲ್ಲಿ ನಲವತ್ತು ಕಿಟಕಿ, ಆ ನಲವತ್ತರಿಂದಲೂ ಬೆಳಕು ನುಗ್ಗಿ ಗುಮ್ಮಟಕ್ಕೂ ಗೋಡೆಗೂ ಸಂಬಂಧವೇ ಇಲ್ಲವೇನೋ, ಮೇಲಿನಿಂದ ಯಾರೋ ಸರಪಳಿ ಕಟ್ಟಿ ಇಳಿಬಿಟ್ಟಿದ್ದಾರೇನೋ ಅನ್ನಿಸುತ್ತದೆ. ನಾನು ಅದನ್ನು ಮೊದಲು ಕಂಡದ್ದೇ ಹೊರಗಿನಿಂದ, ಬೆನ್ನಿನ ಕಡೆಯಿಂದ, ಅಂಗೈಗೆ ಸೀಸದ ಮಸಿ ಮೆತ್ತಿಕೊಂಡು. ಮೊದಲ ದಿನ ಉಸ್ತಾದರು ಅಳತೆಪಟ್ಟಿ ಕೈಗೆ ಕೊಟ್ಟು 'ಹಾಳೆ ಎಷ್ಟುದ್ದ ಬೇಕು, ಅಳೆ' ಅಂದರು. ಒಂದು ಕಡೆ ಅಳೆದು, ದುಂಡಗಿರುವುದು ಎಲ್ಲ ಕಡೆಯೂ ಒಂದೇ ತಾನೆ ಎಂದು ಅದೇ ಅಳತೆಗೆ ಹನ್ನೆರಡು ಹಾಳೆ ಕತ್ತರಿಸಿಬಿಟ್ಟೆ. ಒಂದೂ ಹೊಂದಲಿಲ್ಲ. ಎಲ್ಲರೂ ಬಿದ್ದುಬಿದ್ದು ನಕ್ಕರು, ಹೊಸಬರೆಲ್ಲ ಮಾಡುವ ತಪ್ಪಂತೆ, ಅದಕ್ಕೇ ಕಾಯುತ್ತಿದ್ದರಂತೆ. ಕಟ್ಟಿ ಇಪ್ಪತ್ತು ವರ್ಷ ಆಗುತ್ತಲೇ ಭೂಮಿ ನಡುಗಿ ಮೊದಲ ಗುಮ್ಮಟ ಕುಸಿದಿತ್ತು. ಎರಡನೆಯದನ್ನು ಇನ್ನಷ್ಟು ಎತ್ತರಕ್ಕೆ ಎಬ್ಬಿಸಿದರು. ಅದೂ ಒಮ್ಮೆ ಪಡುವಣ ಮಗ್ಗುಲಿಗೆ ಬಿತ್ತು, ನೂರಾರು ವರ್ಷದ ಮೇಲೆ ಮೂಡಣ ಮಗ್ಗುಲಿಗೆ ಬಿತ್ತು. ತೇಪೆ ಹಾಕಿದವರ ಕೈ ಪ್ರತಿ ಸಲವೂ ಬೇರೆ. ದೂರದಿಂದ ದುಂಡಗೆ ಕಾಣುವುದು ಮುಟ್ಟಿದರೆ ಡೊಂಕು. "ಇದು ದುಂಡಗಿಲ್ಲ ಕಣೋ ಮಗಾ," ಉಸ್ತಾದರು ನನ್ನ ಹನ್ನೆರಡು ಹಾಳೆಗಳನ್ನು ಕರಗಿಸಲು ಕಳಿಸುತ್ತ ಅಂದಿದ್ದರು, "ನಿಂತೂ ನಿಂತೂ ಇದಕ್ಕೆ ಅಭ್ಯಾಸ ಆಗಿದೆ, ಅಷ್ಟೆ." ಅದಕ್ಕೇ ಪ್ರತಿ ಹಾಳೆಯನ್ನೂ ಅದರದರ ಜಾಗಕ್ಕೇ ಅಳೆಯಬೇಕು, ಗೂನುಬೆನ್ನಿನವನಿಗೆ ಅಂಗಿ ಹೊಲಿದ ಹಾಗೆ. ಕೆಳಗೆ ಹುಲ್ಲು ಕಲಸಿದ ಜೇಡಿಮಣ್ಣು ಹಾಸಿ, ಹಾಳೆ ಇಟ್ಟು, ಪಕ್ಕದ ಹಾಳೆಯ ಅಂಚಿನೊಂದಿಗೆ ಮಡಚಿ ಸುತ್ತಿ, ಮರದ ಕೊಡತಿಯಿಂದ ಬಡಿದು ಕೂರಿಸಬೇಕು. ಕೂತಮೇಲೆ ಅದು ನೂರು ವರ್ಷ ಏಳಬಾರದು.

ಹಾಗೆ ಕೂರಿಸುವ ಮುಂಚೆ ಒಂದು ಪದ್ಧತಿಯಿತ್ತು. ಕಾಗದದಲ್ಲಿ ಎಲ್ಲೂ ಇಲ್ಲದ್ದು, ಮೇಲಿನ ಸಾಹೇಬರು ಕಂಡೂ ಕಾಣದ ಹಾಗಿರುತ್ತಿದ್ದದ್ದು. ಕೆಲಸ ಬಿಟ್ಟು ಹೋಗುವ ಉಸ್ತಾದ ತನ್ನ ಕೊನೆಯ ಹಾಳೆಯ ಒಳಮೈಯಲ್ಲಿ ಮೊಳೆಯಿಂದ ಹೆಸರು ಗೀರುತ್ತಾನೆ. ಒಂದೇ ಸಲ, ಒಂದೇ ಹಾಳೆ. ಹಳೆಯ ಸೀಸ ಕಿತ್ತಾಗ ನಮಗೂ ಅಂಥ ಗೀರುಗಳು ಸಿಗುತ್ತಿದ್ದವು, ನಾವ್ಯಾರೂ ಓದಲಾಗದ ಹಳೆಯ ಲಿಪಿಯವು. ಉಸ್ತಾದರು ಅವುಗಳ ಮೇಲೆ ಹೆಬ್ಬೆರಳು ಎಳೆದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸಿ ಪ್ರಾರ್ಥನೆ ಮಾಡಿ, ಆಮೇಲೆ ಕರಗಿಸಲು ಬಿಡುತ್ತಿದ್ದರು. "ಕಾಗದದ ಮೇಲೆ ಲೆಕ್ಕ ಹಾಕಿದ ಇಬ್ಬರ ಹೆಸರು ಪುಸ್ತಕದಲ್ಲಿದೆ," ಅನ್ನುತ್ತಿದ್ದರು. "ಇಟ್ಟಿಗೆ ಇಟ್ಟೋರು ಹತ್ತು ಸಾವಿರ ಜನ ಅಂತಾರೆ. ಅವರ ಹೆಸರು ಯಾವನಿಗೆ ಗೊತ್ತು?" ಆಗ ನಾನು ನಮ್ಮ ಹಳೆಯ ಸಿನಿಮಾಗಳ ಕುರುಡ ತಂದೆಯ ದನಿಯಲ್ಲಿ, "ಮಗನೇ, ನಿನ್ನ ಮುಖ ಮುಟ್ಟಲು ಬಿಡು," ಎಂದು ಅವರ ಬೆನ್ನ ಹಿಂದೆ ಗಾಳಿಯಲ್ಲಿ ಕೈಯಾಡಿಸುತ್ತಿದ್ದೆ. ಸೆಫೆರ್ ಅಣ್ಣ ನಗು ತಡೆಯಲಾರದೆ ಮಣ್ಣಿನ ಬಾಂಡ್ಲಿಗೆ ಮುಖ ತೂರಿಸುತ್ತಿದ್ದ. ಜನ ನಗುವಾಗ ನನಗೆ ಮೈಯೆಲ್ಲ ಬೆಚ್ಚಗಾಗುತ್ತದೆ. ನಗು ನಿಂತ ಕೂಡಲೇ ಚಳಿ. ಆ ಚಳಿಗೆ ಹೆದರಿಯೇ ಮುಂದಿನ ಜೋಕು.

ಚೌಕದಿಂದ ಸಿರ್ಕೆಜಿ ನಿಲ್ದಾಣಕ್ಕೆ ಇಳಿಜಾರು, ಕಾಲು ತಾನಾಗಿಯೇ ಓಡುತ್ತದೆ. ಅವತ್ತು ನಾನು ಆ ಇಳಿಜಾರನ್ನೂ ಏರಿನ ಹಾಗೆ ನಡೆದೆ. ಸಿಮಿತ್ ಮಾರುವವನ ಗಾಡಿಯ ಗಾಜಿನೊಳಗೆ ಎಳ್ಳು ಹಚ್ಚಿದ ರೊಟ್ಟಿಯ ಬಳೆಗಳು ಒಂದರ ಮೇಲೊಂದು ಕೂತಿದ್ದವು. ಎರಡು ಕಟ್ಟಿಸಿಕೊಂಡೆ, ಉಸ್ತಾದರಿಗೆ ಹಲ್ಲಿಲ್ಲವೆಂದು ನೆನಪಾಗಿ ಎರಡನ್ನೂ ನಾನೇ ತಿಂದೆ. ಹಸಿವಿರಲಿಲ್ಲ. ನೆಲದೊಳಗೆ ಮೆಟ್ಟಿಲು, ಅದರ ಕೆಳಗೆ ಮೆಟ್ಟಿಲು. ರೈಲು ಕಡಲ ತಳದಲ್ಲಿ ನುಗ್ಗುವಾಗ ಕಿವಿ ತುಂಬಿದ ಹಾಗಾಗಿ ಎಲ್ಲರೂ ಒಂದೇ ಸಲ ಉಗುಳು ನುಂಗುತ್ತಾರೆ. ಅಷ್ಟು ಜನ ಒಟ್ಟಿಗೆ ಮಾಡುವ ಕೆಲಸ ಅದೊಂದೇ. ಕಪ್ಪು ಕಿಟಕಿಯಲ್ಲಿ ನನ್ನ ಮುಖವಿತ್ತು. ನಾನು ಅದಕ್ಕೆ ಹೇಳಿಕೊಟ್ಟೆ: ಉಸ್ತಾದ್ರೇ, ನಾನು ಮಹಾಪಾಪಿ. ಛೆ, ಇದು ಎರಡನೇ ಭಾಗದ ಖಳನಾಯಕನ ಮಾತು. ಉಸ್ತಾದ್ರೇ, ನಿಮ್ಮಿಂದ ಒಂದು ಸತ್ಯ ಮುಚ್ಚಿಟ್ಟಿದ್ದೇನೆ. ಇದು ಆಸ್ಪತ್ರೆಯ ದೃಶ್ಯದ್ದು, ಇದಾದ ಮೇಲೆ ಪಿಟೀಲು ಬರಬೇಕು. ನನ್ನದೇ ಒಂದು ಮಾತು ಹುಡುಕಿದೆ. ಬಾಯಿಗೆ ಬಂದ ಪ್ರತಿಯೊಂದೂ ಯಾವನೋ ಮೊದಲೇ ಹೇಳಿ ಬಿಟ್ಟದ್ದಾಗಿತ್ತು. ಎದುರು ಕೂತ ಮುದುಕ ನನ್ನ ತುಟಿ ಆಡುವುದನ್ನು ನೋಡಿ ಪ್ರಾರ್ಥನೆ ಎಂದುಕೊಂಡು ತಾನೂ ಎದೆಯ ಮೇಲೆ ಕೈಯಿಟ್ಟುಕೊಂಡ.

ಹಿಂದೆ ಗುಮ್ಮಟದ ಮೇಲೆ ಆ ಒಂದು ಮಧ್ಯಾಹ್ನ ನಾನು ಮಾಡಿದ್ದೂ ಬರೀ ಒಂದು ಜೋಕು. ಸೀಸದ ಕೆಲಸದವರು ಮೊಸರು ತಿನ್ನಬೇಕು, ಒಳಗೆ ಹೋದ ವಿಷ ಅದಕ್ಕೆ ಅಂಟಿಕೊಂಡು ಹೊರಗೆ ಬರುತ್ತದೆ ಎಂದು ನಂಬಿಕೆ. ದಿನಾ ಊಟದ ಹೊತ್ತಿಗೆ ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು. ಉಸ್ತಾದರ ಕೈ ಆಗಲೇ ನಡುಗಲು ಶುರುವಾಗಿ ವರ್ಷವಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಚಮಚ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಮೊಸರು ಮೀಸೆಯ ಮೇಲಿರುತ್ತಿತ್ತು. ಕೆಲಸದಲ್ಲಿ ಅವರ ಕೊನೆಯ ದಿನ ಅದು. ಅವರು ಕೈ ತೊಳೆಯಲು ಹೋದಾಗ ನಾನು ಅವರ ಬಟ್ಟಲು ಎತ್ತಿಕೊಂಡು, ಅವರ ಹಾಗೆಯೇ ಗಂಟಲು ಕೆರೆದು, ಚಮಚ ನಡುಗಿಸುತ್ತ ಹಣೆಗೊಮ್ಮೆ ಕಿವಿಗೊಮ್ಮೆ ಮೊಸರು ತಿನ್ನಿಸಿದೆ. ಎಂಥ ನಗು! ಗುಮ್ಮಟವೇ ಸದ್ದು ಮಾಡಿತು. ಆಮೇಲೆ ಆ ನಗು ಒಂದು ಕಡೆಯಿಂದ ಆರುತ್ತ ಬಂತು, ಸಾಲಾಗಿ ದೀಪ ಆರಿಸಿದ ಹಾಗೆ. ಉಸ್ತಾದರು ನನ್ನ ಹಿಂದೆ ನಿಂತಿದ್ದರು. ಬೈದಿದ್ದರೆ ನಾನು ಕಾಲಿಗೆ ಬೀಳುವ ನಾಟಕವಾಡಿ ಮುಗಿಸಿಬಿಡುತ್ತಿದ್ದೆ. ಅವರು ಬೈಯಲಿಲ್ಲ. ಪಕ್ಕದಲ್ಲಿ ಕೂತು ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು.

"ಚೆನ್ನಾಗಿ ಮಾಡ್ತೀಯ ಮಗಾ. ನಿಜವಾಗ್ಲೂ. ಆದ್ರೆ ನೀನು ಇಲ್ಲಿಂದ ಇಳಿದು ಹೋದ್ಮೇಲೆ ಏನೂ ಉಳಿಯಲ್ಲ. ಎಲ್ಲಾ ಗಾಳಿಗೆ."

ಯಾರೂ ನಗಲಿಲ್ಲ. ಅಷ್ಟೇ. ನನ್ನ ಹಣೆಯ ಮೇಲೆ ಮೊಸರಿತ್ತು, ಒರೆಸಿಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ಅದು ಹಾಗೇ ಒಣಗಿ ಚರ್ಮ ಎಳೆಯತೊಡಗಿತು. ಎರಡು ಗಂಟೆಯ ಮೇಲೆ ಅವರು ನನ್ನನ್ನೇ ಕರೆದರು. ಅವರ ಕೊನೆಯ ಹಾಳೆ ಮೂಡಣ ದಿಕ್ಕಿನದು, ಕಡಲಿನಾಚೆಯ ಉಸ್ಕುದಾರಿನ ಕಡೆ ಮುಖ ಮಾಡಿದ್ದು, ಅವರ ಮನೆಯ ಕಿಟಕಿಗೆ ನೇರ ಕಾಣುವ ಜಾಗ. ಅದನ್ನು ಅವರು ಎಂಟು ತಿಂಗಳಿನಿಂದ ಕಾಯ್ದಿಟ್ಟುಕೊಂಡಿದ್ದರು, ಅಕ್ಕಪಕ್ಕ ಎಲ್ಲ ಮುಗಿದು ಅದೊಂದೇ ಹಲ್ಲು ಬಿದ್ದ ಜಾಗದ ಹಾಗೆ ತೆರೆದಿತ್ತು. ಹಾಳೆ ಮಗುಚಿ ಇಟ್ಟಿತ್ತು. ಮೊಳೆ ನನ್ನ ಕೈಗೆ ಕೊಟ್ಟರು.

"ನನ್ನ ಕೈ ನೋಡಿದೀಯಲ್ಲ. ನೀನು ಬರಿ. ಐದೇ ಅಕ್ಷರ. ಕೊನೇದಕ್ಕೆ ಚುಕ್ಕಿ ಮರೀಬೇಡ. ಚುಕ್ಕಿ ಇಲ್ದಿದ್ರೆ ಅದು ನಾನಲ್ಲ."

ನಮ್ಮ ಲಿಪಿಯಲ್ಲಿ ಇಂಗ್ಲಿಷಿನ ಹಾಗೆ ಸ್ವರಕ್ಕೂ ಬೇರೆ ಅಕ್ಷರ, ಅದಕ್ಕೇ ನಜ್ಮಿಗೆ ಐದು; 'ಇ'ಕಾರದ ತಲೆಯ ಮೇಲೆ ಚುಕ್ಕಿ ಇರಲೇಬೇಕು, ದೊಡ್ಡಕ್ಷರದಲ್ಲಿ ಬರೆದರೂ ಇರಬೇಕು, ಇಲ್ಲದಿದ್ದರೆ ಅದು ಬೇರೆಯೇ ಅಕ್ಷರ. ನಜ್ಮಿ ಎಂಬ ಹೆಸರಿಗೆ ಕೊನೆಯಲ್ಲಿ ಒಂದು ಇ, ಒಂದು ಚುಕ್ಕಿ. ಉಸ್ತಾದರು ನನಗೆ ಬೆನ್ನು ತಿರುಗಿಸಿ ಕಡಲ ಕಡೆ ನೋಡುತ್ತ ಕೂತರು. ಅವರ ಕತ್ತಿನ ಹಿಂದೆ ಸುಕ್ಕುಗಳು ಒಂದನ್ನೊಂದು ಕತ್ತರಿಸಿ ಚೌಕಚೌಕವಾಗಿದ್ದವು. ಸೀಸ ಎಷ್ಟು ಮೆತ್ತಗೆ ಗೊತ್ತೇ? ಉಗುರಿನಲ್ಲೂ ಬರೆಯಬಹುದು. ಮೊಳೆ ಊರಿದೆ. ಮೊದಲ ಗೀಟು ಎಳೆಯುವಾಗ ಅದು ಅವರ ಹೆಸರಿನ ಗೀಟಾಗಿಯೇ ಇತ್ತು, ನೆಟ್ಟಗೆ ಒಂದು ಗೆರೆ, ಅಲ್ಲಿಂದ ಯಾವ ಅಕ್ಷರ ಬೇಕಾದರೂ ಆಗಬಹುದಿತ್ತು. ಎಲ್ಲಾ ಗಾಳಿಗೆ, ಎಲ್ಲಾ ಗಾಳಿಗೆ. ಹಣೆಯ ಮೇಲೆ ಚರ್ಮ ಎಳೆಯುತ್ತಿತ್ತು. ನನ್ನ ಕೈ ನಡುಗಲಿಲ್ಲ, ಅದನ್ನಂತೂ ಎದೆ ತಟ್ಟಿ ಹೇಳುತ್ತೇನೆ. ಬರೆದು ಮುಗಿಸಿದೆ. ಅವರು ತಿರುಗಿ, ಪೊರೆ ಬಂದ ಕಣ್ಣು ಹಾಳೆಗೆ ಹತ್ತಿರ ತಂದರು, ಗೀರಿನ ಮೇಲೆ ಹೆಬ್ಬೆರಳು ಆಡಿಸಿದರು, "ಚೆನ್ನಾಗಿದೆ" ಅಂದರು. ಹಾಳೆ ಮಗುಚಿ ಮಣ್ಣಿನ ಮೇಲೆ ಇಟ್ಟು ಕೊಡತಿ ತೆಗೆದುಕೊಂಡು ತಾವೇ ಬಡಿದರು. ಮುದುಕರಿಗೆ ಏನೂ ಗೊತ್ತಾಗಲಿಲ್ಲ ಎಂದು ನಾನು ಅವತ್ತು ಇಳಿಯುವಾಗ ಏಣಿಯ ಮೇಲೆ ಶಿಳ್ಳೆ ಹೊಡೆದೆ. ಮೂರನೇ ಮೆಟ್ಟಿಲಲ್ಲಿ ಶಿಳ್ಳೆ ತಾನಾಗಿಯೇ ನಿಂತಿತು.

ಉಸ್ಕುದಾರಿನಲ್ಲಿ ರೈಲಿಂದ ಮೇಲೆ ಬಂದರೆ ಲೋದೋಸ್ ನನಗಿಂತ ಮೊದಲೇ ಬಂದು ಕಾಯುತ್ತಿತ್ತು. ಸಲಾಜಕ್ ಕಡೆಯ ದಂಡೆಗುಂಟ ನಡೆದೆ. ಅಲೆಗಳು ಕಟ್ಟೆ ಹತ್ತಿ ರಸ್ತೆಗೆ ನೀರು ಎರಚುತ್ತಿದ್ದವು. ಕಡಲಿನಾಚೆ ಗುಮ್ಮಟ ಚಿಕ್ಕದಾಗಿ, ಬೂದಿ ಬಣ್ಣದಲ್ಲಿ ಕಾಣುತ್ತಿತ್ತು. ಇಲ್ಲಿಂದ ನೋಡಿದರೆ ಮಾತ್ರ ಅದು ದುಂಡಗಿದೆ. ಒಳಗಿನ ನಾಲ್ಕು ದೇವದೂತರ ಮುಖಗಳಿಗೆ ಯಾವುದೋ ಕಾಲದಲ್ಲಿ ತಗಡಿನ ಮುಚ್ಚಳ ಹಾಕಿದ್ದರು, ಈಚೆಗೆ ಒಂದರದು ಮಾತ್ರ ತೆಗೆದರು, ಒಳಗಿನ ಮುಖ ಹಾಗೇ ಇತ್ತು. ಅದರ ಕೆಳಗೆ ನಿಂತು ಉಸ್ತಾದರು ಒಮ್ಮೆ ಅಂದಿದ್ದರು, "ನೂರೈವತ್ತು ವರ್ಷ ಮುಚ್ಚಿಟ್ರೂ ತಾನು ಯಾರು ಅಂತ ಅದಕ್ಕೆ ಗೊತ್ತಿತ್ತು ನೋಡು." ನಾನು ಆಗ "ಉಳಿದ ಮೂವರು ಗಡ್ಡ ಮಾಡ್ಕೊಂಡಿಲ್ಲ ಉಸ್ತಾದ್ರೇ, ಅದಕ್ಕೇ ಮುಖ ತೋರಿಸ್ತಿಲ್ಲ" ಅಂದಿದ್ದೆ. ಅವರು ನಕ್ಕಿದ್ದರು. ನನ್ನ ಜೋಕಿಗೆ ಅವರು ನಕ್ಕದ್ದು ಅದೊಂದೇ ಸಲ ಇರಬೇಕು, ಅಥವಾ ನನಗೆ ನೆನಪಿರುವುದು ಅದೊಂದೇ.

ಮೂರನೇ ಮಹಡಿ. ಬಾಗಿಲು ತೆರೆದವರು ಅವರ ಹೆಂಡತಿ ನೆರ್ಮಿನ್ ಚಿಕ್ಕಮ್ಮ.

"ಬಂದ್ಯಾ ಮಹಾರಾಯ! ಶೂ ಬಿಚ್ಚು. ಗಾಳೀನ ಒಳಗೆ ತರಬೇಡ, ನನ್ನ ತಲೆ ಆಗ್ಲೇ ಒಡೀತಿದೆ. ಎಷ್ಟು ಸೊರಗಿದೀಯೋ, ಊಟ ಹಾಕೋರಿಲ್ವಾ?"

"ನನ್ನ ಹೃದಯ ತುಂಬಿದೆ ಚಿಕ್ಕಮ್ಮ, ಹೊಟ್ಟೆಗೆ ಜಾಗ ಇಲ್ಲ."

"ನಿನ್ನ ಹೃದಯಕ್ಕಿಷ್ಟು ಬೆಂಕಿ ಹಾಕ. ಒಳಗೆ ನಡಿ, ಬೆಳಿಗ್ಗೆಯಿಂದ ನಿನ್ನನ್ನೇ ಕೇಳ್ತಿದಾರೆ."

ಉಸ್ತಾದರು ಕಿಟಕಿಯ ಪಕ್ಕ ದಿಂಬುಗಳ ನಡುವೆ ಒರಗಿದ್ದರು. ಇಷ್ಟು ಚಿಕ್ಕವರಾಗಿದ್ದಾರೆಂದು ಸೆಫೆರ್ ಅಣ್ಣ ಹೇಳಿರಲಿಲ್ಲ. ಅವರ ಅಂಗಿಯ ಕಾಲರಿನೊಳಗೆ ಇನ್ನೊಂದು ಕತ್ತು ಹಿಡಿಸುತ್ತಿತ್ತು. ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡೆ, ಚರ್ಮ ಕಾಗದದ ಹಾಗೆ ಸದ್ದು ಮಾಡಿತು.

"ಇಲ್ಹಾಮಿ," ಅಂದರು, ಕೈಯ ಬೆವರಲ್ಲೇ ಗುರುತು ಹಿಡಿದು. "ಗುಮ್ಮಟ ಕಾಣ್ತಿದೆಯಾ ಇವತ್ತು?"

"ಕಾಣ್ತಿದೆ ಉಸ್ತಾದ್ರೇ. ಸ್ವಲ್ಪ ಮಬ್ಬು."

"ಅವರಿಗೆ ಕಣ್ಣು ಪೂರ್ತಿ ಹೋಗಿ ನಾಕು ತಿಂಗಳಾಯ್ತು," ಚಿಕ್ಕಮ್ಮ ಚಹಾದ ಗ್ಲಾಸು ಇಡುತ್ತ ಹೇಳಿದರು. "ಅವರ ಬದ್ಲು ನಾನು ನೋಡ್ತೀನಿ. ಬೆಳಿಗ್ಗೆ ಎದ್ದ ತಕ್ಷಣ ಪರದೆ ಸರಿಸಿ, ಅಲ್ಲಿಗೊಂದು ಸಲಾಮ್ ಹಾಕಿ, ಆಮೇಲೇ ಒಲೆ ಹಚ್ಚೋದು. ಪಕ್ಕದ ಮನೆಯವಳಿಗೂ ಹೇಳಿದೀನಿ: ನಿಂಗೆ ಮೂರು ಗಂಡುಮಕ್ಕಳಿರಬಹುದು ತಾಯಿ, ನನಗೆ ಅಲ್ಲೊಂದು ಹೆಸರಿದೆ, ಮಳೆಗೂ ನೆನೆಯಲ್ಲ, ಎದುರೂ ಮಾತಾಡಲ್ಲ."

ನಾನು ನಕ್ಕೆ. ನಗು ನನ್ನ ಕಿವಿಗೇ ಬೇರೆ ಯಾರದೋ ದನಿಯಲ್ಲಿ ಕೇಳಿತು. ಉಸ್ತಾದರು ಮುಖ ಕಿಟಕಿಯ ಕಡೆಗೇ ಇಟ್ಟುಕೊಂಡು, ಗಾಳಿಗೆ ಗಾಜು ಅಲುಗುವುದನ್ನು ಕೇಳುತ್ತಿದ್ದರು. ಆಮೇಲೆ ನೆಟ್ಟಗೆ ಕೂರಲು ಪ್ರಯತ್ನಿಸಿದರು, ಈ ಮಾತನ್ನು ಒರಗಿಕೊಂಡು ಹೇಳಬಾರದೆಂಬಂತೆ.

"ಮಗಾ, ನಿನಗೆ ಬೈದಿದೀನಿ. ಒಂದ್ಸಲ ಕೊಡತಿ ಹಿಡಿಯಿಂದ ಹೊಡೆದೂ ಇದೀನಿ. ನನ್ನ ಮೇಲಿರೋ ನಿನ್ನ ಹಕ್ಕು ಹಲಾಲ್ ಮಾಡು."

"ಹಲಾಲ್ ಆಗ್ಲಿ ಉಸ್ತಾದ್ರೇ. ಹೊಡೆದ ಜಾಗ ಆಮೇಲೆ ಚೆನ್ನಾಗೇ ಬೆಳೀತು."

ಚಿಕ್ಕಮ್ಮ ಸೆರಗಿನಂಥ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಅಡುಗೆಮನೆಗೆ ಹೋದರು. ಈಗ ನನ್ನ ಸರದಿ. ಹಲಾಲ್ ಆಗಲಿ ಅಂದವನು ಕೂಡಲೇ 'ನೀವೂ ಹಲಾಲ್ ಮಾಡಿ' ಅನ್ನಬೇಕು, ಅದು ಸಲಾಮಿಗೆ ಮರುಸಲಾಮಿನ ಹಾಗೆ ತಾನಾಗಿಯೇ ಬಾಯಿಗೆ ಬರುವ ಮಾತು. ಇಲ್ಲಿಂದ ಮುಂದಿನದನ್ನೇ ನಾನು ಚೌಕದಲ್ಲಿ ಹೇಳುವುದು: ನಾನು ಅವರ ಕಾಲ ಬಳಿ ಕುಸಿದೆ, ಆ ಹಾಳೆಯ ಅಡಿಯಲ್ಲಿರುವುದು ನಿಮ್ಮ ಹೆಸರಲ್ಲ ಅಂದೆ, ಅವರು ನನ್ನ ತಲೆಯ ಮೇಲೆ ನಡುಗುವ ಕೈಯಿಟ್ಟರು, 'ಹೆಸರಲ್ಲೇನಿದೆ ಮಗಾ, ಹಾಳೆ ಸೋರದಿದ್ರೆ ಸಾಕು, ಹಲಾಲ್ ಆಗ್ಲಿ' ಅಂದರು, ಇಬ್ಬರೂ ಅತ್ತೆವು, ಕಡಲಿನಾಚೆ ಮೋಡ ಸರಿದು ಗುಮ್ಮಟದ ಮೇಲೆ ಬಿಸಿಲು ಬಿತ್ತು. ಬಿಸಿಲನ್ನು ನಾನು ಮೂರನೆಯ ಸಲ ಹೇಳುವಾಗ ಸೇರಿಸಿದೆ. ಅದರಿಂದಲೇ ಜನ ಮೂಗೊರೆಸಿಕೊಳ್ಳುವುದು.

ಹದಿನೆಂಟು ದಿನದ ಮೇಲೆ ಅವರು ಹೋದರು. ಅವರ ಬೀದಿಯ ಮಸೀದಿಯ ಅಂಗಳದಲ್ಲಿ ಕಲ್ಲಿನ ಮೇಲೆ ಪೆಟ್ಟಿಗೆ, ಅದರ ಮೇಲೆ ಹಸಿರು ಬಟ್ಟೆ. ನಾವು ಕೆಲಸದವರೆಲ್ಲ ಒಂದು ಸಾಲು. ಇಮಾಮರು ತಿರುಗಿ ನಿಂತು ಕೇಳಿದರು, "ಇವರ ಮೇಲಿರುವ ನಿಮ್ಮ ಹಕ್ಕನ್ನು ಹಲಾಲ್ ಮಾಡ್ತೀರಾ?" ಮೂರು ಸಲ ಕೇಳಬೇಕು, ಮೂರು ಸಲ ಹೇಳಬೇಕು. ಮೂರು ಸಲವೂ ಎಲ್ಲರಿಗಿಂತ ಜೋರಾಗಿ "ಹಲಾಲ್ ಆಗ್ಲಿ!" ಎಂದು ಕೂಗಿದವನು ನಾನೇ. ಕೊನೆಯ ಸಲವಂತೂ ಎಷ್ಟು ಜೋರಾಯಿತೆಂದರೆ ಮುಂದಿನ ಸಾಲಿನವರು ತಿರುಗಿ ನೋಡಿದರು. ಸೆಫೆರ್ ಅಣ್ಣ ನನ್ನ ತೋಳು ಹಿಡಿದು, "ಸಾಕು ಕಣೋ, ಬಿಡು," ಅಂದ. ಆ ಪೆಟ್ಟಿಗೆಯೊಳಗಿನ ಮನುಷ್ಯ ನನಗೆ ಕೊಡಬೇಕಾದದ್ದು ಏನಿತ್ತು?

ಸರಿ. ಇಲ್ಲಿವರೆಗೆ ಬಂದಿದ್ದೀರಿ, ನ್ಯಾಯವಾಗಿ ನಿಮಗೊಂದು ಚಹಾನೂ ಕೊಟ್ಟಿಲ್ಲ. ಆದದ್ದನ್ನು ಆದ ಹಾಗೇ ಹೇಳುತ್ತೇನೆ, ಈ ಭಾಗವನ್ನು ಚೌಕದಲ್ಲಿ ಯಾರಿಗೂ ಹೇಳಿಲ್ಲ. ಗುಮ್ಮಟದ ಮೇಲೆ ಅವತ್ತು ಅವರ ಹೆಬ್ಬೆರಳು ಗೀರಿನ ಮೇಲೆ ಸುಮ್ಮನೆ ಆಡಿ ಹೋಗಲಿಲ್ಲ. ಮೊದಲ ಅಕ್ಷರದ ನೆತ್ತಿಯಲ್ಲಿ ನಿಂತಿತು. ಅಲ್ಲೊಂದು ಚುಕ್ಕಿಯಿತ್ತು. ಇಲ್ಹಾಮಿ: ಶುರುವಿಗೊಂದು ಇ, ಕೊನೆಗೊಂದು ಇ. ನಲವತ್ತು ವರ್ಷ ಸೀಸ ಮುಟ್ಟಿದ ಬೆರಳು ಆ ಕುಳಿಯಲ್ಲಿ ನಿಂತಿತು, ಆಮೇಲೆ ನಿಧಾನವಾಗಿ ಆರೂ ಅಕ್ಷರ ದಾಟಿ ಎರಡನೇ ಚುಕ್ಕಿಯ ಮೇಲೆ ಇನ್ನೊಮ್ಮೆ ನಿಂತಿತು. ನಾನು ನೋಡುತ್ತಲೇ ಇದ್ದೆ. ಅವರು 'ಚೆನ್ನಾಗಿದೆ' ಅಂದದ್ದು ಅದಾದ ಮೇಲೆ. ಕೊಡತಿಯಿಂದ ಬಡಿದದ್ದು ಅದಾದ ಮೇಲೆ.

ಆ ಗುರುವಾರ ಚಿಕ್ಕಮ್ಮ ಅಡುಗೆಮನೆಗೆ ಹೋದಾಗ ನಾನು ಯಾರ ಕಾಲ ಬಳಿಯೂ ಕುಸಿಯಲಿಲ್ಲ. ಕುರ್ಚಿಯಲ್ಲೇ ಕೂತಿದ್ದೆ, ಸಕ್ಕರೆ ಕರಗಿದಮೇಲೂ ಚಮಚ ತಿರುಗಿಸುತ್ತಿದ್ದೆ. ಉಸ್ತಾದರು ಸ್ವಲ್ಪ ಹೊತ್ತು ಕಾದರು. ಆಮೇಲೆ ಅಡುಗೆಮನೆಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು.

"ಆ ಹೆಸರಿಗೆ ಎಷ್ಟು ಚುಕ್ಕಿ ಹಾಕಿದ್ದೆ ಮಗಾ?"

"ಒಂದೇ, ಉಸ್ತಾದ್ರೇ."

ಗಾಜು ಅಲುಗಿತು. ಒಳಗೆ ಚಹಾದ ನೀರು ಕುದಿಯುವ ಸದ್ದು.

"ಒಂದೇ?"

"ಒಂದೇ. ಕೊನೇದಕ್ಕೆ."

ಅವರು ಕೈ ಚಾಚಿ ನನ್ನ ಕೈ ಹುಡುಕಿದರು. ಅಂಗೈ ಬಿಡಿಸಿ, ಹೆಬ್ಬೆರಳಿನ ಬುಡದಲ್ಲಿ ಒಮ್ಮೆ ಒತ್ತಿದರು. ಆಮೇಲೆ, ಸಾಕಷ್ಟು ದೂರ ಬಿಟ್ಟು, ಕಿರುಬೆರಳಿನ ಕೆಳಗೆ ಇನ್ನೊಮ್ಮೆ. ಅವರ ಕೈ ನಡುಗುತ್ತಿತ್ತು, ಆ ಎರಡು ಸಲ ಮಾತ್ರ ನಡುಗಲಿಲ್ಲ. ನಾನು ಆಗಲೂ ಬಾಯಿ ಬಿಡಲಿಲ್ಲ. ಐದು ಭಾಷೆ ಬಲ್ಲವನು. ಚಿಕ್ಕಮ್ಮ ಎರಡನೇ ಗ್ಲಾಸು ಹಿಡಿದುಕೊಂಡು ಬಂದರು. ಉಸ್ತಾದರು ನನ್ನ ಕೈ ಮಡಚಿ ನನಗೇ ವಾಪಸು ಕೊಟ್ಟು, ಚಿಕ್ಕಮ್ಮನ ಕಡೆ ಮುಖ ತಿರುಗಿಸಿ ಹೇಳಿದರು, "ಹುಡುಗ ಚೆನ್ನಾಗಿ ಬರ್ದಿದಾನೆ ಕಣೇ. ಚುಕ್ಕಿ ಸಮೇತ."

ನಾನು ಹಲಾಲ್ ಮಾಡಿ ಎಂದು ಕೇಳಲಿಲ್ಲ. ಅವರು ಮಾಡಲೂ ಇಲ್ಲ, ಮಾಡಲ್ಲ ಅನ್ನಲೂ ಇಲ್ಲ. ಯಾರೂ ಅಳಲಿಲ್ಲ. ಚಹಾ ಬಿಸಿಯಾಗಿಯೇ ಇತ್ತು, ಕುಡಿದು ಎದ್ದು ಬಂದೆ. ನೆರ್ಮಿನ್ ಚಿಕ್ಕಮ್ಮ ಈಗಲೂ ದಿನಾ ಬೆಳಿಗ್ಗೆ ಪರದೆ ಸರಿಸಿ, ಒಲೆ ಹಚ್ಚುವ ಮುಂಚೆ, ಕಡಲಿನಾಚೆ ಗುಮ್ಮಟದ ಕಡೆ ಸಲಾಮ್ ಹಾಕುತ್ತಾರೆ. ಅದು ನನಗೆ ಬಂದು ಬೀಳುತ್ತಿದೆ.